ಮೀನಿನ ದೋಣಿಗೆ ಮಕ್ಕಳನ್ನು ಹತ್ತಿಸುವ ಮುನ್ನ

ಕುಂಬಳೆ, ಮೊಗ್ರಾಲು, ಶಿರಿಯದ ಹೊಳೆಬದಿಯಲ್ಲಿ ಮನೆಯಿದ್ದವರಿಗೆ ರಜೆಯಲ್ಲಿ ಮೊಮ್ಮಕ್ಕಳು ಬಂದಾಗ ಸ್ವಂತದ್ದೊಂದು ದೋಣಿ ಬೇಕೆನ್ನಿಸುವುದು ಸಹಜ. ವಿಹಾರಕ್ಕೆಂದು ಹೊಸತು ಕಟ್ಟಿಸುವವರು ಕಡಿಮೆ. ಮೀನುಗಾರರು ಮಾರುವ ಹಳೆಯದನ್ನೇ ಹುಡುಕುತ್ತಾರೆ. ಆಗ ಆಯ್ಕೆ ಬಹುಮಟ್ಟಿಗೆ ಎರಡರ ನಡುವೆ: ಕಡಲಿಗೆ ಹೋಗುತ್ತಿದ್ದ ಉದ್ದನೆಯ ಫೈಬರ್ ದೋಣಿ, ಇಲ್ಲವೇ ಹೊಳೆಯಲ್ಲೇ ಬಲೆ ಬಿಡುತ್ತಿದ್ದ ಅಗಲ ತಳದ ಮರದ ದೋಣಿ.

ಕಣ್ಣು ಮೊದಲು ಫೈಬರಿನ ಕಡೆಗೇ ಹೋಗುತ್ತದೆ. ದೊಡ್ಡದು, ಜೋರಿನ ಎಂಜಿನ್, ಹೆಚ್ಚು ಜನ ಹಿಡಿಯುತ್ತದೆ. ಆದರೂ ಮನೆಮಂದಿಗೆ ಹೊಳೆಯ ದೋಣಿಯೇ ಸರಿ ಎಂದು ನಾನು ಹೇಳುತ್ತೇನೆ.

ಕಾರಣ, ಭಾರ ಎಲ್ಲಿ ಕೂರುತ್ತದೆ ಎಂಬುದು. ಕಡಲ ದೋಣಿಯ ಹೊರೆಯೆಂದರೆ ಬಲೆ, ಮಂಜುಗಡ್ಡೆ, ಮೀನು, ಎಲ್ಲವೂ ತಳದಲ್ಲಿ. ಅದನ್ನು ತೆಗೆದು, ಮೇಲೆ ಬೆಂಚು ಹಾಕಿ, ಅಜ್ಜಿಯಿಂದ ಹಿಡಿದು ಮಕ್ಕಳವರೆಗೆ ಕೂರಿಸಿದರೆ ಭಾರ ಮೇಲಕ್ಕೇರಿತು. ಮೀನುಗಾರನಿಗೆ ಅಲೆಗೆ ತಕ್ಕಂತೆ ಕಾಲೂರಿ ನಿಲ್ಲಲು ಗೊತ್ತು. ಮಕ್ಕಳಿಗೆ ಕೊಕ್ಕರೆ ಕಂಡರೆ ಸಾಕು, ಎಲ್ಲರೂ ಒಂದೇ ಬದಿಗೆ.

ತಾನೂರನ್ನು ಮರೆಯಲಾದೀತೇ? 2023ರ ಮೇ 7, ಭಾನುವಾರ ಸಂಜೆ. ಮಲಪ್ಪುರಂ ಜಿಲ್ಲೆಯ ಆ ಅಳಿವೆಯಲ್ಲಿ ಮಗುಚಿದ್ದು ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ, ಮೇಲೊಂದು ಅಟ್ಟ ಕಟ್ಟಿ, ಹಿಡಿಯುವುದಕ್ಕಿಂತ ಹೆಚ್ಚು ಜನರನ್ನು ತುಂಬಿಸಿದ್ದ ವಿಹಾರದೋಣಿ. 22 ಮಂದಿ ಸತ್ತರು. ಅವರಲ್ಲಿ ಎಷ್ಟೋ ಮಕ್ಕಳು, ಒಂದೇ ಮನೆತನದ ಹಲವರು. ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು 45 ಮಂದಿಯನ್ನು ಕಳೆದುಕೊಂಡಾಗಲೂ, ಕಾಡುಪ್ರಾಣಿ ನೋಡಲು ಜನ ಒಂದೇ ಬದಿಗೆ ಸರಿದರೆಂಬ ಮಾತು ಕೇಳಿಬಂದಿತ್ತು. ಆದ್ದರಿಂದ ಕೊಂಡ ದೋಣಿ ಯಾವುದೇ ಇರಲಿ, ಬಿಸಿಲಿಗೆಂದು ಅದರ ಮೇಲೆ ಭಾರದ ಮಾಡು ಕಟ್ಟಿಸಬೇಡಿ. ಕೊಡೆ, ಟೊಪ್ಪಿ ಸಾಕು.

ಮರದ ದೋಣಿ ನೋಡಲು ಹೋದಾಗ ಅದನ್ನು ದಡಕ್ಕೆ ಎಳೆಸಿ, ಕವುಚಿ ಹಾಕಿಸಿ. ಹೆಬ್ಬಲಸಿನದಾದರೆ ಬಾಳಿಕೆ ಹೆಚ್ಚು. ಹಲಗೆಗಳ ಸಂದಿಗೆ ಚಾಕುವಿನ ಮೊನೆ ಒತ್ತಿ. ಮೆತ್ತಗೆ ಇಳಿದರೆ ಅಲ್ಲಿ ಮರ ಕೊಳೆತಿದೆ. ಸಣ್ಣ ಸಣ್ಣ ತೂತು ಕಂಡರೆ ಮರ ಕೊರೆಯುವ ಹುಳುವಿನ ಕೆಲಸ, ಒಳಗೆ ಎಷ್ಟು ತಿಂದಿದೆಯೋ ಹೊರಗಿಂದ ತಿಳಿಯದು. ಗೇರು ಎಣ್ಣೆ ಬಳಿಯುತ್ತಾ ಬಂದಿದ್ದಾರೆಯೇ ಎಂದು ಕೇಳಿ. ಹೊಸ ಬಣ್ಣ ಮಾತ್ರ ಹೊಳೆಯುತ್ತಿದ್ದರೆ ನನಗಂತೂ ಅನುಮಾನ.

ಫೈಬರೇ ಬೇಕೆನ್ನುವವರು ಮರದ ಸುತ್ತಿಗೆಯಿಂದ ಮೈಯೆಲ್ಲ ತಟ್ಟಿ ನೋಡಬೇಕು. ಗಟ್ಟಿ ಸದ್ದಿನ ನಡುವೆ ಎಲ್ಲಾದರೂ ಮಂಕು ಸದ್ದು ಬಂದರೆ ಅಲ್ಲಿ ಪದರ ಬಿಟ್ಟಿರಬಹುದು. ಎಂಜಿನ್ ಕೂರಿಸುವ ಹಿಂಬದಿಯ ಹಲಗೆಯೇ ಮುಖ್ಯ. ಅದರೊಳಗೆ ಮರವಿದ್ದು ಬೋಲ್ಟಿನ ತೂತಿನಿಂದ ಉಪ್ಪುನೀರು ಇಳಿದರೆ ಒಳಗೊಳಗೇ ಕೊಳೆಯುತ್ತದೆ. ಎಂಜಿನನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ. ಹಲಗೆ ಬಾಗಿದರೆ ವ್ಯಾಪಾರ ಬೇಡ.

ಕಾಗದಪತ್ರ ಸಣ್ಣ ವಿಷಯವಲ್ಲ. ಮೀನು ಹಿಡಿಯಲು ಕೊಟ್ಟ ಪರವಾನಗಿ ಜನರನ್ನು ಕರೆದೊಯ್ಯಲು ಆಗುವುದಿಲ್ಲ. ಹೊಳೆ, ಹಿನ್ನೀರಿನಲ್ಲಿ ಎಂಜಿನ್ ದೋಣಿ ಓಡಿಸಲು 2021ರ ಒಳನಾಡು ಹಡಗು ಕಾಯ್ದೆ ತಪಾಸಣೆ, ನೋಂದಣಿ ಕೇಳುತ್ತದೆ. ಮುಂಗಡ ಕೊಡುವ ಮೊದಲೇ ಬಂದರು ಕಚೇರಿಯಲ್ಲಿ ವಿಚಾರಿಸಿ. ಲೈಫ್ ಜಾಕೆಟ್ ತಲೆಗೊಂದು, ಮಕ್ಕಳಿಗೆ ಮಕ್ಕಳದ್ದೇ ಅಳತೆಯದು. ಅದರ ದುಡ್ಡನ್ನು ದೋಣಿಯ ಬೆಲೆಯೊಳಗೇ ಸೇರಿಸಿಕೊಳ್ಳಿ.

ಹೊಳೆಯ ದೋಣಿಯನ್ನು ಅಳಿವೆ ಬಾಗಿಲು ದಾಟಿಸುವಂತಿಲ್ಲ. ಮರಳದಿಬ್ಬ ಮಳೆಗಾಲ ಕಳೆದಂತೆ ಜಾಗ ಬದಲಿಸುತ್ತದೆ. ಇಳಿತದ ನೀರು ಕಡಲಿನ ಅಲೆಗೆ ಎದುರಾದರೆ ಪಳಗಿದವರೂ ಕಾಯುತ್ತಾರೆ. ಅಷ್ಟಕ್ಕೂ ದಾಟಲೇಬೇಕಾದ ಅಗತ್ಯವೇನಿದೆ? ತಳಂಗರೆಯಿಂದ ಒಳಕ್ಕೆ ಚಂದ್ರಗಿರಿ ಹೊಳೆಯಿದೆ, ದಕ್ಷಿಣಕ್ಕೆ ಹೋದರೆ ವಲಿಯಪರಂಬದ ಹಿನ್ನೀರಿದೆ. ಮೊದಲ ಸಲ ಇಳಿಯುವಾಗ ದೋಣಿ ಮಾರಿದವರನ್ನೇ ಜೊತೆಗೆ ಕರೆದುಕೊಳ್ಳಿ. ಅದು ಯಾವ ಬದಿಗೆ ವಾಲುತ್ತದೆ, ಎಲ್ಲಿ ನೀರು ಒಸರುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಬೇರೆ ಯಾರಿಗೂ ತಿಳಿದಿರುವುದಿಲ್ಲ.