ಮೆಟ್ಟಿಲಿನಷ್ಟೇ ಓರೆ

ನಮ್ಮ ಮನೆಗಳಲ್ಲಿ ಮಹಡಿಗೆ ಹೋಗುವ ಮೆಟ್ಟಿಲು ಸಾಮಾನ್ಯವಾಗಿ 30ರಿಂದ 35 ಡಿಗ್ರಿ ಓರೆಯಾಗಿರುತ್ತದೆ. ಅಜ್ಜಿ ಕಂಬಿ ಹಿಡಿದು, ಮಕ್ಕಳು ಓಡುತ್ತ ಹತ್ತಿಳಿಯುವ ಓರೆ ಅದು. ಸ್ಕೀ ಆಡುವವರನ್ನು ಕೊಲ್ಲುವ ಹಿಮಕುಸಿತಗಳಲ್ಲಿ ಬಹುಪಾಲು ಹುಟ್ಟುವುದೂ ಹೆಚ್ಚುಕಡಿಮೆ ಅಂಥದೇ ಓರೆಯಲ್ಲಿ, 30ರಿಂದ 45 ಡಿಗ್ರಿಯೊಳಗೆ. ಅದಕ್ಕಿಂತ ತೀರಾ ಕಡಿದಾದ ಕಡೆ ಹಿಮ ನಿಲ್ಲುವುದೇ ಇಲ್ಲ, ಬಿದ್ದಷ್ಟೂ ಉದುರಿಹೋಗುತ್ತದೆ. ಸ್ಕೀಗೆ ಸೊಗಸಾದ ಇಳಿಜಾರೇ ಕುಸಿಯುವ ಇಳಿಜಾರು.

ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಗೊಂಡೊಲಾ ಎಂಬ ಕೇಬಲ್ ಕಾರು ಏರಿದರೆ ಸುಮಾರು 2,650 ಮೀಟರ್‌ನಿಂದ 3,900 ಮೀಟರ್ ದಾಟಿ ಅಫರ್ವಾಟ್ ಪರ್ವತದ ಹೆಗಲಿಗೆ ಬಂದು ಇಳಿಯುತ್ತೇವೆ. ಗುರುತು ಮಾಡಿದ ದಾರಿ ಬಿಟ್ಟು ಪಕ್ಕಕ್ಕೆ ಹೊರಳಿದರೆ ಯಾರ ಹೆಜ್ಜೆಯೂ ಬೀಳದ ಬಿಳಿ. ಅದನ್ನು ಅರಸಿ ಜಗತ್ತಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಅದೇ ಬೆಟ್ಟಸಾಲಿನ ಖಿಲನ್‌ಮಾರ್ಗ್‌ನಲ್ಲಿ 2010ರ ಫೆಬ್ರುವರಿ 8ರಂದು ಹಿಮ ಕುಸಿದು, ಪರ್ವತ ಯುದ್ಧದ ತರಬೇತಿಯಲ್ಲಿದ್ದ 17 ಸೈನಿಕರು ಸತ್ತರು.

ಒಂದು ಲೆಕ್ಕ ಹಾಕಿ ನೋಡಿ. ಐವತ್ತು ಮೀಟರ್ ಉದ್ದ, ಅಷ್ಟೇ ಅಗಲ, ಅರ್ಧ ಮೀಟರ್ ದಪ್ಪದ ಹಿಮದ ಹಾಸು. ಗಾಳಿಗೆ ಬಿಗಿದುಕೊಂಡ ಹಿಮ ಘನ ಮೀಟರಿಗೆ 200 ಕಿಲೋ ಎಂದರೂ ಒಟ್ಟು 250 ಟನ್. ಜನ ತುಂಬಿದ ಹದಿನಾರು ಕೆಂಪು ಬಸ್ಸುಗಳ ತೂಕ. ಇದು ದೊಡ್ಡ ಕುಸಿತವೇನಲ್ಲ. ಇದನ್ನು ಕಳಚಲು ಸಾಮಾನು ಸಮೇತ 80 ಕಿಲೋ ತೂಗುವ ಒಬ್ಬ ಮನುಷ್ಯ ಸಾಕು. ತನ್ನ ತೂಕದ ಮೂರು ಸಾವಿರ ಪಟ್ಟನ್ನು ಅವನು ತಲೆಯ ಮೇಲೆ ಎಳೆದುಕೊಂಡಿರುತ್ತಾನೆ. ಸ್ಕೀ ಆಡುವವರ ಪ್ರಾಣ ತೆಗೆದ ಹಿಮಕುಸಿತಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತನ್ನು ಹೀಗೆ ಕೆಣಕಿದವರು ಸತ್ತವರೇ, ಇಲ್ಲವೇ ಅವರ ಜೊತೆಗಿದ್ದವರು.

ಇಷ್ಟು ಭಾರ ಇಷ್ಟು ಹಗುರಾಗಿ ಕಳಚುವುದೇಕೆ ಎಂಬುದೇ ನನಗೆ ಎಲ್ಲಕ್ಕಿಂತ ದೊಡ್ಡ ಬೆರಗು. ಮೋಡವಿಲ್ಲದ ಚಳಿರಾತ್ರಿ ನಮ್ಮಲ್ಲಿ ಇಬ್ಬನಿ ಕೂರುವಂತೆ ಅಲ್ಲಿ ಹಿಮದ ಮೇಲೆ ಗರಿಯಂಥ ಹರಳುಗಳು ಬೆಳೆಯುತ್ತವೆ. ಕೆಲವೇ ಮಿಲಿಮೀಟರ್ ಎತ್ತರ, ನೋಡಲು ಬಲು ಚೆಂದ. ಮುಂದಿನ ಹಿಮ ಅವುಗಳ ಮೇಲೆ ಮೆಲ್ಲಗೆ ಬಿದ್ದು ಮುಚ್ಚುತ್ತದೆ. ವಾರಗಟ್ಟಲೆ ಆ ಗರಿಗಳು ಟನ್ನುಗಟ್ಟಲೆ ಹೊತ್ತು ನಿಂತಿರುತ್ತವೆ. ಒಂದು ಕಡೆ ಮುರಿದರೆ ಮುಗಿಯಿತು: ಬಿರುಕು ಸೆಕೆಂಡಿಗೆ ಹತ್ತಾರು ಮೀಟರ್ ಓಡುತ್ತದೆ, ನೆಲದೊಳಗಿಂದ ಗುಮ್ಮೆಂಬ ಸದ್ದು, ಕೆಲವೇ ಕ್ಷಣಗಳಲ್ಲಿ ಗಂಟೆಗೆ ನೂರು ಕಿಲೋಮೀಟರ್ ವೇಗ.

ಹಿಮಕುಸಿತ ಎಂದರೆ ಕನ್ನಡಿಗರಿಗೆ ನೆನಪಾಗುವುದು ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದಲ್ಲಿ ಹತ್ತು ಯೋಧರು ಹೂತುಹೋದರು; ಅವರಲ್ಲಿ ಮೂವರು ನಮ್ಮ ರಾಜ್ಯದವರು. ಆರನೆಯ ದಿನ ಹನುಮಂತಪ್ಪ ಉಸಿರಾಡುತ್ತಿದ್ದರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಆರು ದಿನ ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿವೆ, ಹಿಮ ಅಷ್ಟು ಸಮಯ ಕೊಡುತ್ತದೇನೋ ಎಂಬಂತೆ. ಕೊಡುವುದಿಲ್ಲ. ಪೂರ್ತಿ ಹೂತವರಲ್ಲಿ ಹತ್ತು ನಿಮಿಷದೊಳಗೆ ಹೊರತೆಗೆದರೆ ಹತ್ತಕ್ಕೆ ಒಂಬತ್ತು ಜನ ಬದುಕುತ್ತಾರೆ. ಅರ್ಧ ಗಂಟೆಯಾದರೆ ಮೂವರು. ಬಹುತೇಕರ ಸಾವು ಚಳಿಯಿಂದಲ್ಲ. ಬಿಟ್ಟ ಉಸಿರು ಬಾಯಿಯ ಮುಂದೆ ಸುಳಿದು, ಅದನ್ನೇ ಮತ್ತೆ ಎಳೆದುಕೊಂಡು ಉಸಿರುಗಟ್ಟುತ್ತಾರೆ.

ಹತ್ತು ನಿಮಿಷದಲ್ಲಿ ಹೆಲಿಕಾಪ್ಟರ್ ಬರುವುದು ಅಪರೂಪ. ಪಕ್ಕದಲ್ಲಿದ್ದವರೇ ಗತಿ. ಅದಕ್ಕೇ ಪ್ರತಿಯೊಬ್ಬರ ಎದೆಗೂ ಒಂದು ಟ್ರಾನ್ಸೀವರ್, ಅಂದರೆ ಸಂಕೇತ ಕಳಿಸುವ ಮತ್ತು ಹಿಡಿಯುವ ಪುಟ್ಟ ರೇಡಿಯೊ, ಇರಬೇಕು; ಅದು 457 ಕಿಲೋಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಆಕಾಶವಾಣಿ ಬೆಂಗಳೂರು ಮಧ್ಯಮ ತರಂಗದಲ್ಲಿ ಕೇಳಿಬರುವ 612ಕ್ಕಿಂತ ತುಸು ಕೆಳಗೆ. ಆದರೆ ಇದರ ದನಿ ಮುಟ್ಟುವುದು ನಲವತ್ತು ಐವತ್ತು ಮೀಟರ್ ಮಾತ್ರ. ಜಾಗ ಸಿಕ್ಕ ಮೇಲೆ ಉದ್ದನೆಯ ಕೋಲು ಚುಚ್ಚಿ ಆಳ ನೋಡಬೇಕು, ಆಮೇಲೆ ಸಲಿಕೆ. ಕುಸಿದು ನಿಂತ ಹಿಮ ಗಾರೆಯಂತೆ ಬಿಗಿಯುತ್ತದೆ, ಘನ ಮೀಟರಿಗೆ 400 ಕಿಲೋ. ಒಂದು ಮೀಟರ್ ಆಳದಲ್ಲಿರುವವನನ್ನು ತಲುಪಲು ಮೂರು ಘನ ಮೀಟರ್ ತೋಡಬೇಕಾದರೆ 1,200 ಕಿಲೋ, ಅಂದರೆ 50 ಕಿಲೋದ ಇಪ್ಪತ್ತನಾಲ್ಕು ಅಕ್ಕಿ ಮೂಟೆ. ಮೇಲೆ ಮೂವರು ಉಳಿದಿದ್ದರೆ ತಲೆಗೆ ಎಂಟು ಮೂಟೆ.