ಬ್ರೌಸರಿನಲ್ಲಿ ಟೊಮೆಟೊ ದರ ಕೇಳಿದ್ದು

ನಮ್ಮ ಅಬ್ಬಾ ದೊಡ್ಡಬಳ್ಳಾಪುರದಲ್ಲಿ ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಾರೆ. ನಸುಕಿನಲ್ಲೇ ಹೋಗಿ ಮಂಡಿಯವರೊಬ್ಬರ ಹತ್ತಿರ ಸಾಲಕ್ಕೆ ಮಾಲು ತರುತ್ತಾರೆ, ಸಂಜೆ ದುಡ್ಡು ಕಟ್ಟುತ್ತಾರೆ. ಲೆಕ್ಕದ ಪುಸ್ತಕ ಬರೆಯುವುದು ನನ್ನ ಕೆಲಸ. ಕಾಮರ್ಸ್ ಓದುವ ಮಗಳು ಮನೆಯಲ್ಲಿದ್ದರೆ ಇನ್ಯಾರು ಬರೆಯಬೇಕು!

ಒಂದು ದಿನ ಪುಸ್ತಕ ಬರೆಯುತ್ತಾ ಅನುಮಾನ ಬಂತು: ಅಬ್ಬಾ ಟೊಮೆಟೊಗೆ ಕೊಡುತ್ತಿರುವ ದರ ಸರಿಯಾಗಿದೆಯೇ? ಕೇಳಿ ನೋಡಲು ದಾರಿ ಇದೆ. ಕೇಂದ್ರ ಸರ್ಕಾರ 2012ರಲ್ಲಿ ಶುರು ಮಾಡಿದ ಡೇಟಾ.ಗವ್.ಇನ್ ತಾಣದಲ್ಲಿ ದೇಶದ ಬೇರೆ ಬೇರೆ ಕೃಷಿ ಮಾರುಕಟ್ಟೆಗಳ ದಿನದ ದರಗಳನ್ನು ಎಪಿಐ ಮೂಲಕ ಯಾರು ಬೇಕಾದರೂ ಪಡೆಯಬಹುದು.

ಎಪಿಐ ಎಂದರೆ ಏನೆಂದು ಗೆಳತಿಯರು ಕೇಳಿದಾಗ ನಾನು ಹೇಳುವುದು ಇಷ್ಟೇ. ಅಂಗಡಿಗೆ ಹುಡುಗನ ಕೈಯಲ್ಲಿ ಚೀಟಿ ಕಳಿಸುತ್ತೇವಲ್ಲ, ಹಾಗೆ. ಚೀಟಿಯಲ್ಲಿ ಏನು ಬೇಕು, ಎಷ್ಟು ಬೇಕು ಎಂದು ಅಂಗಡಿಯವರು ಒಪ್ಪುವ ರೀತಿಯಲ್ಲಿ ಬರೆದಿರಬೇಕು. ಇಲ್ಲಿ ಆ ಚೀಟಿಯೇ ವೆಬ್ ವಿಳಾಸ. ವಿಳಾಸದ ಮುಂದೆ ? ಗುರುತು, ಅದರ ಮುಂದೆ ನಮ್ಮ ಬೇಡಿಕೆಗಳು. ಪ್ರತಿ ಬೇಡಿಕೆಗೂ ಒಂದು ಹೆಸರು, = ಗುರುತು, ಒಂದು ಬೆಲೆ. ಎರಡು ಬೇಡಿಕೆಗಳ ನಡುವೆ & ಗುರುತು. ಫಾರ್ಮ್ಯಾಟ್=ಜೇಸನ್&ಲಿಮಿಟ್=10 ಎಂದಂತೆ; ನಿಜವಾಗಿ ಬರೆಯುವಾಗ ಇಂಗ್ಲಿಷ್ ಅಕ್ಷರಗಳಲ್ಲಿ. ಇದನ್ನು ಬಾಯಿಪಾಠ ಮಾಡಬೇಕಿಲ್ಲ. ಆ ತಾಣದ ಎಪಿಐ ಪುಟದಲ್ಲೇ ಖಾಲಿ ಪೆಟ್ಟಿಗೆಗಳಿವೆ. ರಾಜ್ಯ, ಮಾಲಿನ ಹೆಸರು ತುಂಬಿಸಿ ಗುಂಡಿ ಒತ್ತಿದರೆ ವಿಳಾಸ ತಾನೇ ತಯಾರಾಗುತ್ತದೆ, ಉತ್ತರವೂ ಕೆಳಗೆ ಬರುತ್ತದೆ. ಇದು ಗೆಟ್ ಎಂಬ ಬಗೆಯ ಕೋರಿಕೆ, ಓದುವುದಕ್ಕೆ ಮಾತ್ರ. ತಪ್ಪಾಗಿ ಬರೆದರೂ ಅಲ್ಲಿನ ದಾಖಲೆ ಕೆಡುವುದಿಲ್ಲ, ಹೆದರಬೇಡಿ.

ನಾನು ರಾಜ್ಯ ಕರ್ನಾಟಕ, ಮಾಲು ಟೊಮೆಟೊ ಎಂದು ತುಂಬಿಸಿದೆ. 200 ಎಂಬ ಅಂಕಿಯ ಜೊತೆ ಉತ್ತರ ಬಂತು. 404 ಬಂದರೆ ಕೇಳಿದ್ದು ಅಲ್ಲಿ ಸಿಗಲಿಲ್ಲ, 403 ಬಂದರೆ ನಮಗೆ ಅನುಮತಿಯಿಲ್ಲ, 200 ಬಂದರೆ ಎಲ್ಲ ಸರಿ ಎಂದು ಲ್ಯಾಬಿನಲ್ಲಿ ಕಲಿತಿದ್ದೆ. ಹತ್ತು ಸಾಲುಗಳಿದ್ದವು. ಎಲ್ಲದರಲ್ಲೂ ದರ ಅಬ್ಬಾ ಕೊಟ್ಟದ್ದಕ್ಕಿಂತ ಕಡಿಮೆ! ರಾತ್ರಿ ಊಟದ ಹೊತ್ತಿಗೆ, ಮಂಡಿಯವರು ನಿಮಗೆ ಮೋಸ ಮಾಡುತ್ತಿದ್ದಾರೆ ಎಂದುಬಿಟ್ಟೆ. ಅಬ್ಬಾ ಮರುದಿನ ಹೋಗಿ ಕೇಳಿದರು. ಎಷ್ಟೋ ವರ್ಷಗಳಿಂದ ನಂಬಿ ಸಾಲ ಕೊಡುತ್ತಿದ್ದವರು, "ನಾಳೆಯಿಂದ ನಗದು ತನ್ನಿ" ಎಂದರಂತೆ. ನಗದು ನಮ್ಮಲ್ಲೆಲ್ಲಿದೆ?

ಅಮ್ಮಿ ಏನೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. ಮತ್ತೆ ಲ್ಯಾಬಿಗೆ ಹೋಗಿ ಅದೇ ಉತ್ತರವನ್ನು ಮೊದಲಿನಿಂದ ಓದಿದೆ. ದರದ ಸಾಲುಗಳ ಜೊತೆಗೇ ಟೋಟಲ್, ಕೌಂಟ್, ಲಿಮಿಟ್ ಎಂಬ ಪದಗಳಿದ್ದವು. ಕೌಂಟ್ 10. ಟೋಟಲ್ ಅದಕ್ಕಿಂತ ಎಷ್ಟೋ ದೊಡ್ಡದು. ನಾನು ಬಳಸಿದ್ದು ಪುಟದಲ್ಲೇ ಕೊಟ್ಟಿರುವ ಮಾದರಿ ಕೀಲಿ. ಅದಕ್ಕೆ ಒಮ್ಮೆಗೆ ಹತ್ತೇ ದಾಖಲೆ ಎಂದು ಅಲ್ಲೇ ಬರೆದಿತ್ತು, ನಾನು ಓದಿರಲಿಲ್ಲ. ಆ ಹತ್ತೂ ದೂರದ ಊರುಗಳವು. ನಮ್ಮ ಸುತ್ತಿನ ಮಾರುಕಟ್ಟೆಗಳು ಆ ಹತ್ತರಲ್ಲಿ ಇರಲೇ ಇಲ್ಲ.

ಅಕೌಂಟೆನ್ಸಿಯಲ್ಲಿ ತಾಳೆಪಟ್ಟಿ ಓದಿದವರಿಗೆ ಇದು ಗೊತ್ತಿರುವ ವಿಷಯವೇ. ಒಂದು ವ್ಯವಹಾರವನ್ನು ಪುಸ್ತಕದಲ್ಲಿ ಬರೆಯುವುದನ್ನೇ ಮರೆತರೂ ಎರಡೂ ಕಡೆ ಮೊತ್ತ ಸರಿಹೊಂದುತ್ತದೆ. 200 ಕೂಡ ಹಾಗೆಯೇ. ಕೋರಿಕೆ ತಲುಪಿತು, ಉತ್ತರ ಕೊಟ್ಟೆ ಎಂದಷ್ಟೇ ಅದರ ಅರ್ಥ. ಊರಿನ ಹೆಸರನ್ನು ಆ ಪಟ್ಟಿಯಲ್ಲಿರುವ ಸ್ಪೆಲ್ಲಿಂಗ್ ಬಿಟ್ಟು ಬೇರೆ ರೀತಿ ಬರೆದು ನೋಡಿದೆ. ಆಗಲೂ 200 ಬಂತು, ಒಳಗೆ ದಾಖಲೆ ಸೊನ್ನೆ.

ಆಮೇಲೆ ತಾಣದಲ್ಲಿ ನನ್ನ ಹೆಸರು ನೋಂದಾಯಿಸಿ ಸ್ವಂತ ಕೀಲಿ ಪಡೆದೆ. ದುಡ್ಡು ಕೊಡಬೇಕಿಲ್ಲ. (ಈ ಕೀಲಿಯನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಎಟಿಎಂ ಪಿನ್ನಿನಂತೆ ಇಟ್ಟುಕೊಳ್ಳಿ.) ಲಿಮಿಟ್ ಹೆಚ್ಚಿಸಿ ಕೇಳಿದಾಗ ಉಳಿದ ಸಾಲುಗಳೂ ಬಂದವು. ಪ್ರತಿ ಸಾಲಿನಲ್ಲಿ ಮಾರುಕಟ್ಟೆ, ತಳಿ, ತಾರೀಖು, ಕನಿಷ್ಠ ದರ, ಗರಿಷ್ಠ ದರ, ಮೋಡಲ್ ದರ ಇರುತ್ತವೆ. ಮೋಡಲ್ ಎಂದರೆ ಸಂಖ್ಯಾಶಾಸ್ತ್ರದಲ್ಲಿ ನಾವು ಓದುವ ಬಹುಲಕದಂತೆ, ಹೆಚ್ಚಿನ ಮಾಲು ಕೈಬದಲಾದ ದರ. ಎಲ್ಲವೂ ಕ್ವಿಂಟಾಲಿಗೆ, ಅಂದರೆ 100 ಕಿಲೋಗೆ. 1800 ಎಂದಿದ್ದರೆ ಕಿಲೋಗೆ 18 ರೂಪಾಯಿ. ನಮ್ಮ ಪುಸ್ತಕದಲ್ಲಿರುವುದು ಬಾಕ್ಸ್ ಲೆಕ್ಕ, ಆದ್ದರಿಂದ ಬಾಕ್ಸಿನ ತೂಕದಿಂದ ಭಾಗಿಸಿ ನೋಡಿದೆ. ಅಬ್ಬಾ ಕೊಟ್ಟ ದರ ನಮ್ಮ ಕಡೆಯ ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವೆಯೇ ಇತ್ತು.

ಉತ್ತರವನ್ನು ಪ್ರಿಂಟ್ ತೆಗೆದು ಅಬ್ಬಾ ಜೊತೆ ನಾನೇ ಮಂಡಿಗೆ ಹೋದೆ, ತಪ್ಪು ನನ್ನದು ಎಂದೆ. ಅವರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, "ಹುಬ್ಬಳ್ಳಿ ದರಕ್ಕೆ ಹುಬ್ಬಳ್ಳಿಯಲ್ಲೇ ತಗೋಬೇಕಮ್ಮ, ಲಾರಿ ಬಾಡಿಗೆ ಯಾರು ಕೊಡ್ತಾರೆ?" ಎಂದು ನಕ್ಕರು. ಆ ವಾರವೇ ಸಾಲ ಮತ್ತೆ ಶುರುವಾಯಿತು.

ನಸುಕಿನಲ್ಲಿ ಅಬ್ಬಾ ಹೊರಡುವಾಗ ಆ ದಿನದ ದರ ತಾಣಕ್ಕೆ ಬಂದೇ ಇರುವುದಿಲ್ಲ, ಹಾಗಾಗಿ ಕೊಳ್ಳುವಾಗ ಇದರಿಂದ ಅಷ್ಟೇನೂ ಉಪಯೋಗವಿಲ್ಲ. ಈಗ ಪುಸ್ತಕದಲ್ಲಿ ಹೊಸದೊಂದು ಕಾಲಂ ಎಳೆದಿದ್ದೇನೆ: ಅಬ್ಬಾ ಕೊಟ್ಟ ದರದ ಪಕ್ಕದಲ್ಲಿ ಮೋಡಲ್ ದರ, ಅದರ ಪಕ್ಕದಲ್ಲಿ ತಾರೀಖು. ಸಂಜೆ ಪುಸ್ತಕ ತೆಗೆದರೆ ಅಬ್ಬಾ ಮೊದಲು ಕೇಳುವುದು, "ಬೇಟಿ, ಟೋಟಲ್ ದೇಖೀ ಕ್ಯಾ?"