ಐವತ್ತೆಂಟರ ಲೆಕ್ಕ

ವರನಿಗೆ ಏನು ಉದ್ಯೋಗವೆಂದು ಕೇಳಿದರೆ ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಬರುತ್ತಿದ್ದ ಉತ್ತರ ಬಹು ಚಿಕ್ಕದು: ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್. ಅಷ್ಟು ಕೇಳಿದೊಡನೆ ಕನ್ಯಾಪಿತೃವಿನ ಮುಖ ಅರಳುತ್ತಿತ್ತು. ಸಂಬಳ ಬಹಳವೆಂದಲ್ಲ, ಮೀಸೆ ಚಿಗುರುವಾಗ ಕಾರ್ಖಾನೆ ಸೇರಿದವನು 58ಕ್ಕೆ ಹಾರ ಹಾಕಿಸಿಕೊಂಡೇ ಹೊರಬರುವನೆಂಬ ನೆಮ್ಮದಿ.

1991ರಲ್ಲಿ ದೇಶದ ಆರ್ಥಿಕ ನೀತಿ ಬದಲಾಗಿ, ವಿದೇಶದ ಬಂಡವಾಳಕ್ಕೂ ಸರಕಿಗೂ ಬಾಗಿಲು ತೆರೆದ ಮೇಲೆ ಆ ನೆಮ್ಮದಿ ಸಡಿಲಿತು. ಜಪಾನಿನ ನೆರವಿನಿಂದ 1961ರಲ್ಲಿ ಆರಂಭವಾದ ಎಚ್‌ಎಂಟಿ ಕೈಗಡಿಯಾರದ ಉದ್ಯಮ ಪೈಪೋಟಿಯಲ್ಲಿ ಸೋತು, ಅದನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿತು.

ಅಷ್ಟರಲ್ಲಿ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳಲ್ಲಿ ಬೇರೆ ಬಗೆಯ ಕಾರ್ಖಾನೆಗಳು ತುಂಬಿಕೊಂಡಿದ್ದವು. ಜನರ ಬಾಯಲ್ಲಿ ಅದು 'ಗಾರ್ಮೆಂಟ್ಸ್'. ಅಮೆರಿಕ, ಯೂರೋಪುಗಳ ಅಂಗಡಿಗಳಿಗೆ ಇಲ್ಲಿಂದ ಅಂಗಿ ಹೋಗಬೇಕು. ಉಡುಪಿನ ಆಮದಿಗೆ ಆ ದೇಶಗಳು 1974ರಿಂದ ಹೇರಿದ್ದ ಕೋಟಾ ಪದ್ಧತಿ 2005ರ ಆರಂಭದಲ್ಲಿ ಕೊನೆಗೊಂಡಿತು. ಹೊಲಿಗೆಯಂತ್ರದ ಮುಂದೆ ಕುಳಿತವರಲ್ಲಿ ಬಹುಪಾಲು ಹೆಂಗಸರು. ಗಂಟೆಗೆ ಇಷ್ಟು ಕಾಲರು, ಇಷ್ಟು ತೋಳು ಎಂದು ಎಣಿಸುತ್ತ ನಿಂತವರು ಸಾಮಾನ್ಯವಾಗಿ ಗಂಡಸರು.

ಈ ಹೆಂಗಸರು ತಮ್ಮ ಇರವನ್ನು ನಾಡಿಗೆಲ್ಲ ತಿಳಿಸಿದ್ದು 2016ರ ಏಪ್ರಿಲ್ ತಿಂಗಳಲ್ಲಿ. ಭವಿಷ್ಯನಿಧಿಗೆ ಮಾಲೀಕರು ಕಟ್ಟಿದ ಪಾಲನ್ನು 58 ತುಂಬುವವರೆಗೆ ತೆಗೆಯಕೂಡದೆಂದು ಕೇಂದ್ರ ಸರ್ಕಾರ ಆ ಫೆಬ್ರುವರಿಯಲ್ಲಿ ನಿಯಮ ಮಾಡಿತ್ತು. ಏಪ್ರಿಲ್ 18ರಂದು ಸಹಸ್ರಾರು ಮಂದಿ ಯಂತ್ರ ಬಿಟ್ಟೆದ್ದು ರಸ್ತೆಗಿಳಿದರು. ಹೊಸೂರು ರಸ್ತೆ ಸ್ತಬ್ಧವಾಯಿತು. ಮರುದಿನ ಕಲ್ಲು, ಬೆಂಕಿ, ಲಾಠಿ ಎಲ್ಲವೂ ನಡೆದವು. ಅದೇ ದಿನ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು.

ವೃದ್ಧಾಪ್ಯಕ್ಕೆ ನಾಲ್ಕು ಕಾಸು ಉಳಿಯಲೆಂಬ ಸದುದ್ದೇಶವೇ ಆ ನಿಯಮದ ಹಿಂದೆ ಇದ್ದಿರಬಹುದು. ಆದರೆ ಅದನ್ನು ಬರೆದವರ ಕಣ್ಮುಂದೆ ಇದ್ದವನು ಆ ಹಳೆಯ ವರ ಮಹಾಶಯನೇ ಎಂದು ನನಗೆ ತೋರುತ್ತದೆ. 58ರವರೆಗೆ ಯಂತ್ರ ತುಳಿದವಳನ್ನು ಈ ಉದ್ಯಮದಲ್ಲಿ ಹುಡುಕಬೇಕು. ಬಾಣಂತನಕ್ಕೊಮ್ಮೆ, ಅತ್ತೆ ಹಾಸಿಗೆ ಹಿಡಿದಾಗೊಮ್ಮೆ, ಸೊಂಟ ಸೋತಾಗೊಮ್ಮೆ ಕೆಲಸ ಬಿಡುವವಳಿಗೆ ಭವಿಷ್ಯನಿಧಿಯೆಂದರೆ ಮುಂದಿನ ಜೂನ್ ತಿಂಗಳ ಶಾಲೆಯ ಶುಲ್ಕ, ಇಲ್ಲವೆ ಬಡ್ಡಿ ಸಾಲದ ತೀರುವಳಿ.

ಓದಿದ ಹೆಣ್ಣುಮಕ್ಕಳ ಪಾಡು ಬೇರೆಯೆಂದು ಕೆಲವರು ಹೇಳುವರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದ ನಂತರ ಬೆಳೆದ ಸಾಫ್ಟ್‌ವೇರ್ ಕಚೇರಿಗಳಲ್ಲಿ ಸಂಬಳ, ಗೌರವ, ವಿದೇಶಯಾನ ಎಲ್ಲವೂ ಉಂಟು, ನಿಜ. ಅವರ ಕೈಗಡಿಯಾರ ಮಾತ್ರ ಪರದೇಶದ್ದು: ಚಳಿಗಾಲದಲ್ಲಿ ನ್ಯೂಯಾರ್ಕಿನವರು ಬೆಳಿಗ್ಗೆ 9 ಗಂಟೆಗೆ ಕಚೇರಿಯ ದೀಪ ಹಾಕಿದಾಗ ಇಲ್ಲಿ ಸಂಜೆ 7:30, ಅನ್ನಕ್ಕೆ ಇಡುವ ಹೊತ್ತು. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸು ಅದಕ್ಕಾಗಿ ದಿನಕ್ಕೆ 299 ನಿಮಿಷ ಸವೆಸುತ್ತಾಳೆ. ಗಂಡಸು 97 ನಿಮಿಷ. ಆ 97ರೊಳಗೂ ಹೋಗದ ಗಂಡಸರು ಬಹುಮಂದಿ.

ದಂಪತಿಗಳಿಬ್ಬರೂ ಅಂಥ ಉದ್ಯೋಗದಲ್ಲಿರುವ ಮನೆಗೆ ಸಂಜೆಯ ಆ ಹೊತ್ತಿಗೆ ಹೋಗಿ ನೋಡಬಹುದು. ಇಬ್ಬರೂ ಪರದೇಶದವರೊಡನೆ ಮಾತಿನಲ್ಲಿರುತ್ತಾರೆ. ಗಂಡನ ಕೋಣೆಯ ಬಾಗಿಲು ಮುಚ್ಚಿರುತ್ತದೆ. ಹೆಂಡತಿ ಊಟದ ಮೇಜಿನ ಬಳಿ ಕುಳಿತು, ಕುಕ್ಕರಿನ ಕೂಗು ಆಚೆಯವರಿಗೆ ಕೇಳದಿರಲೆಂದು ತನ್ನ ದನಿಯನ್ನು ಆಗಾಗ ನಿಲ್ಲಿಸುತ್ತಿರುತ್ತಾಳೆ.